ಹೋಳಗಿರಿ ಎಂದರೆ ಏನು

ನಾನು ಶಾಲೆ ಬಿಟ್ಟದ್ದು ಸಾವಿರದ ಒಂಬೈನೂರ ಎಪ್ಪತ್ತೆಂಟರಲ್ಲಿ. ಊರಿನ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆ ಮುಗಿದಿತ್ತು. ಎಂಟನೆಯದಕ್ಕೆ ಉಮರ್ಗಾಕ್ಕೆ ಹೋಗಬೇಕು. ಅವ್ವ ಹಳೆಯ ಧೋತರದಲ್ಲಿ ಪಾಟಿಚೀಲ ಹೊಲಿದು ಗೂಟಕ್ಕೆ ತೂಗುಹಾಕಿದ್ದಳು. ಆ ಮಳೆಗಾಲದಲ್ಲೇ ಮಹಾರಾಷ್ಟ್ರದ ನಮ್ಮ ಮರಾಠವಾಡಾ ಸೀಮೆಗೆ ಬೆಂಕಿ ಹತ್ತಿತು. ನಮ್ಮ ಭಾಗದ ವಿಶ್ವವಿದ್ಯಾಲಯಕ್ಕೆ ಸಂವಿಧಾನ ಬರೆದವರ ಹೆಸರಿಡಬೇಕೆಂದು ತೀರ್ಮಾನವಾಗಿತ್ತು. ಇಡಬಾರದು ಎಂದವರು ಬೀದಿಗಿಳಿದರು, ಬಡವರ ಮನೆಗಳನ್ನು ಸುಟ್ಟರು. ಬಸ್ಸುಗಳು ನಿಂತವು. ನಮ್ಮಪ್ಪ ಚೀಲದ ಕಡೆ ನೋಡಿ, "ಈ ಹೆಸರಿನ ಜಗಳ ಒಂದು ಮುಗೀಲಿ, ಆಮ್ಯಾಲ ಹೋಗುವಂತಿ" ಅಂದ. ಜಗಳ ಬೇಗ ಮುಗಿಯುವಂಥದ್ದಾಗಿರಲಿಲ್ಲ. ಕಡೆಗೂ ಆ ಹೆಸರು ವಿಶ್ವವಿದ್ಯಾಲಯದ ಕಮಾನಿನ ಮೇಲೆ ಬಂದಾಗ ನನಗೆ ಮದುವೆಯಾಗಿ ಇಬ್ಬರು ಮಕ್ಕಳಿದ್ದರು. ಆಗ ಎಂಟನೆಯ ಇಯತ್ತೆಗೆ ಹೋಗಿ ಕೂತಿದ್ದರೆ ಬೆಂಚು ಸಾಲುತ್ತಿರಲಿಲ್ಲ.

ಹೀಗೆ ಒಂದು ಹೆಸರಿನ ದೆಸೆಯಿಂದ ನನ್ನ ಓದು ನಿಂತಿತು ಎಂದು ನಾನು ಬಹಳ ದಿನ ಹೇಳಿಕೊಂಡು ತಿರುಗಿದೆ. ಅದು ಪೂರ್ತಿ ಖರೆ ಅಲ್ಲ. ಹೆಸರಿನ ದೆಸೆಯಿಂದ ಮನೆ ಕಳೆದುಕೊಂಡವರು ಬೇರೆ ಇದ್ದರು. ನಾನು ಕಳೆದುಕೊಂಡದ್ದು ಪಾಟಿಚೀಲ ಮಾತ್ರ.

ಅಪ್ಪ ನನ್ನನ್ನು ಉದಗೀರಕ್ಕೆ ಸೋದರಮಾವನ ಅಡತಿ ಅಂಗಡಿಗೆ ಕಳಿಸಿದ. ಅಡತಿ ಎಂದರೆ ರೈತರು ತಂದ ಕಾಳು ಹರಾಜಿಗೆ ಹಚ್ಚಿಕೊಡುವ ಅಂಗಡಿ. ವಲಾಂಡಿಯಿಂದ, ಜಳಕೋಟದಿಂದ ಎತ್ತಿನ ಬಂಡಿಗಳು ಬರುತ್ತಿದ್ದವು. ಮಾವ ನನಗೆ ಮೊದಲು ಕಲಿಸಿದ್ದು ತೂಕವಲ್ಲ, ಎರಡು ಪ್ರಶ್ನೆ. "ಯಾ ಊರು?" ಆಮೇಲೆ "ಯಾ ಓಣಿ?" ಒಂದೇ ಊರಲ್ಲಿ ಒಂದೇ ಹೆಸರಿನ ಮೂರು ಮಂದಿ ಇರುತ್ತಾರೆ, ಗುರುತಿಗೆ ಓಣಿ ಬೇಕು ಎಂಬುದು ಅಂಗಡಿಯ ಕಾರಣ. ಆದರೆ ಓಣಿ ಹೇಳಿದ ಮೇಲೆ ಒಬ್ಬ ಗಾದಿಯ ಮೇಲೆ ಕೂಡುತ್ತಿದ್ದ, ಇನ್ನೊಬ್ಬ ಹೊರಗೆ ತನ್ನ ಮೂಟೆಯ ಮೇಲೆ ತಾನೇ ಹೋಗಿ ಕೂಡುತ್ತಿದ್ದ. ಯಾರೂ ಯಾರನ್ನೂ ಏಳು ಅನ್ನುತ್ತಿರಲಿಲ್ಲ, ಕೂಡು ಅನ್ನುತ್ತಿರಲಿಲ್ಲ. ನಾಲಿಗೆಗೆ ಹತ್ತಿದ ಆ ಪ್ರಶ್ನೆ ಎಷ್ಟು ಗಟ್ಟಿ ಎಂದರೆ ನನ್ನ ಮಗಳನ್ನು ನೋಡಲು ಬಂದ ವರನ ಕಡೆಯವರಿಗೂ ನಾನು "ಯಾ ಓಣಿ?" ಎಂದು ಕೇಳಿದೆ; ಸೋಲಾಪುರದಲ್ಲಿ ಆರನೆಯ ಮಹಡಿಯಲ್ಲಿ ಇರುವ ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ನನ್ನ ಇನ್ನೊಂದು ಚಟ ಕನ್ನಡ. ಗಡಿಯಲ್ಲಿದ್ದವನಿಗೆ ತನ್ನ ಭಾಷೆ ಹಲ್ಲುನೋವಿನ ಹಾಗೆ, ಸದಾ ಅಲ್ಲೇ ನಾಲಿಗೆ ಹೋಗುತ್ತದೆ. ನಮ್ಮ ಕಡೆ ಮಾತು ಕನ್ನಡ, ಬೋರ್ಡು ಮರಾಠಿ. ನಮ್ಮ 'ಹಳ್ಳಿ' ಅವರ ಬರವಣಿಗೆಯಲ್ಲಿ 'ಹಾಳಿ' ಆಗುತ್ತದೆ. ನಾನು ಬಸ್ಸಿನ ಕಂಡಕ್ಟರನ ಜೊತೆ, ಊರ ಲೆಕ್ಕ ಬರೆಯುವ ತಲಾಠಿಯ ಜೊತೆ, ಮಗನ ಮಾಸ್ತರರ ಜೊತೆ ಇದಕ್ಕಾಗಿ ಜಗಳಾಡಿದವನು. "ಹಳ್ಳೀನ ಹಾಳ ಮಾಡೀರಲ್ರೀ" ಎಂದು ಒಬ್ಬ ಕಂಡಕ್ಟರನಿಗೆ ಅಂದೆ. ಅವನಿಗೆ ಕನ್ನಡ ಬರುತ್ತಿರಲಿಲ್ಲವಾದ್ದರಿಂದ ನನ್ನ ವಿನೋದ ನನಗೇ ಉಳಿಯಿತು. ಉಮರ್ಗಾದಲ್ಲಿ ನಾನು ಬೇಳೆ ಗಿರಣಿ ಹಾಕಿದಾಗ ಬೋರ್ಡಿನ ಮೇಲೆ ಮರಾಠಿಯ ಕೆಳಗೆ ಕನ್ನಡವನ್ನೂ ಬರೆಸಿದೆ. ಅದಕ್ಕೇ ಪೇಟೆಯಲ್ಲಿ ನನಗೆ 'ಕನ್ನಡ ಚನ್ನಪ್ಪ' ಎಂದು ಹೆಸರು. ಆ ಹೆಸರು ಕೇಳಿದರೆ ನನ್ನ ಎದೆ ಒಂದಿಷ್ಟು ಮುಂದೆ ಬರುತ್ತದೆ, ಸುಳ್ಳು ಯಾಕೆ ಹೇಳಲಿ. ನಾನು ಹಮಾಲರ ಜೊತೆ ಹೆಗಲು ಕೊಟ್ಟು ಮೂಟೆ ಹೊತ್ತವನು. ಕಲಿತವರ ಮುಂದೆ ಕೈಕಟ್ಟಿ ನಿಂತು ನನಗೆ ಗೊತ್ತಿಲ್ಲ.

ಆ ಚಟದ ಸಲುವಾಗಿಯೇ ಸುಮನ್‌ಬಾಯಿ ನನ್ನನ್ನು ಹುಡುಕಿಕೊಂಡು ಬಂದಳು.

ಸುಮನ್‌ಬಾಯಿ ನಮ್ಮೂರಿನವಳೇ. ಊರು ನಿಲಂಗಾ-ಉಮರ್ಗಾ ದಾರಿಯಲ್ಲಿದೆ, ಹೆಸರು ಬರೆಯುವುದಿಲ್ಲ. ಇಂಥ ಓಣಿ ಇರುವ ಊರು ಅದೊಂದೇ ಅಲ್ಲ. ಆಕೆ ಹಳ್ಳದ ಆಚೆಯ ಓಣಿಯವಳು, ಗ್ರಾಮ ಪಂಚಾಯತಿಯ ಸದಸ್ಯೆ, ಐವತ್ತು ದಾಟಿದ ಹೆಂಗಸು. ಗಿರಣಿಯ ಕಚೇರಿಗೆ ಬಂದವಳು ಸೆರಗು ಸರಿಮಾಡಿಕೊಂಡು ಸೀದಾ ಗಾದಿಯ ಮೇಲೆ ಕೂತಳು.

"ಇವತ್ತ ಓಣಿ ಕೇಳಂಗಿಲ್ಲೇನು ಚನ್ನಪ್ಪಣ್ಣಾ?" ಅಂದಳು.

"ನಿನ್ನ ಓಣಿ ನನಗ ಗೊತ್ತಿಲ್ಲೇನು?"

"ಗೊತ್ತದ ಅಂತೇ ಬಂದೀನಿ. ಹಂಗಾದ್ರ ಹೇಳ್ರಿ, ನಮ್ಮ ಓಣಿ ಹೆಸರೇನು?"

"ಹೋಳಗಿರಿ."

"ಅದು ಮರಾಠಿ. ಕನ್ನಡ ಚನ್ನಪ್ಪ ನೀವು. ಕನ್ನಡದಾಗ ಹೇಳ್ರಿ."

ನಾನು ಪಾವತಿ ಪುಸ್ತಕ ಎಳೆದುಕೊಂಡು ಹಾಳೆ ತಿರುವಿದೆ.

ಈ ಹೆಸರಿನ ಕತೆ ನಿಮಗೆ ಹೇಳಬೇಕು. ನಮ್ಮ ಸೀಮೆಯಲ್ಲಿ ಕಾಗದಪತ್ರವೆಲ್ಲ ಮೊದಲು ನಿಜಾಮನ ಕಾಲದ ಉರ್ದುವಿನಲ್ಲಿತ್ತು. ಉರ್ದು ಅಕ್ಷರದಲ್ಲಿ 'ಗೇ' ಬರೆದರೂ 'ಗಿ' ಬರೆದರೂ ಕಣ್ಣಿಗೆ ಒಂದೇ ಎಂದು ಮಾವನ ಅಂಗಡಿಯ ಮುದುಕ ಮುನಶಿ ನನಗೆ ತೋರಿಸಿದ್ದ. ಹಳ್ಳದಾಚೆಯ ಓಣಿಗೆ ಊರವರು ಕನ್ನಡದಲ್ಲಿ ಅಲ್ಲಿಯವರ ಜಾತಿ ಹಿಡಿದು, ಕೊನೆಗೆ 'ಕೇರಿ' ಸೇರಿಸಿ ಕರೆಯುತ್ತಿದ್ದರು; ಬಾಯಲ್ಲಿ ಅದು 'ಗೇರಿ'. ನಿಜಾಮನ ಕಚೇರಿಯ ಯಾವನೋ ಮುನಶಿ ಕೇಳಿದ್ದನ್ನು ಉರ್ದುವಿನಲ್ಲಿ ಬರೆದ. ಆಮೇಲೆ ಬಂದ ಮರಾಠಿ ಕಾರಕೂನ ಅದನ್ನು ಓದುವಾಗ ಗೇರಿ ಗಿರಿಯಾಯಿತು, ಮುಂದಿದ್ದ ಜಾತಿ ಹೋಳಿ ಹಬ್ಬವಾಯಿತು. ಹೋಳಿಯ ಗಿರಿ, ಹೋಳಗಿರಿ. ಮರಾಠಿಯವರಿಗೆ ಅದು ಹಬ್ಬದ ಬೆಟ್ಟ. ಅಲ್ಲಿ ಬೆಟ್ಟ ಇಲ್ಲ; ಹಳ್ಳದ ದಂಡೆಯ ತಗ್ಗು. ಮೇಲಿನ ಓಣಿಯ ನಾವು ಕಾಗದದಲ್ಲಿ ಹೋಳಗಿರಿ ಎಂದು ಬರೆಯುತ್ತ, ಅಂಗಳದಲ್ಲಿ ಹಳೆಯದನ್ನೇ ಅನ್ನುತ್ತ ಬಂದೆವು. ನನ್ನ ಮರಾಠಿ ಬೋರ್ಡಿನ ಜಗಳಗಳಲ್ಲಿ ಈ ತಪ್ಪನ್ನು ತಿದ್ದಬೇಕೆಂದು ನನಗೆ ಎಂದೂ ಅನಿಸಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಮುಂಬಯಿಯ ಸರ್ಕಾರ ಜಾತಿಯ ಹೆಸರಿನ ವಸತಿಗಳ ಹೆಸರು ಬದಲಿಸಬೇಕೆಂದು ಆದೇಶ ಹೊರಡಿಸಿತು. ಸುತ್ತಲ ಊರುಗಳಲ್ಲಿ ಒಂದೊಂದೇ ಬೋರ್ಡು ಬದಲಾಯಿತು. ನಮ್ಮೂರಿನ ಸರದಿ ಬಂದಾಗ ಗ್ರಾಮಸೇವಕ, ಅಂದರೆ ಪಂಚಾಯತಿಯ ಸರ್ಕಾರಿ ನೌಕರ, ಕಾಗದ ನೋಡಿ ಇಲ್ಲಿ ಜಾತಿಯ ಹೆಸರೇ ಇಲ್ಲ ಎಂದು ಬರೆದುಕೊಂಡ. ಹೊಸದಾಗಿ ಕೊಂಕಣದ ಕಡೆಯಿಂದ ಬಂದವನು, ಒಳ್ಳೆಯ ಹುಡುಗ, ಕನ್ನಡ ಗಂಧವಿಲ್ಲ. ಮುಂದಿನ ಗ್ರಾಮಸಭೆಯಲ್ಲಿ ಅದು ಪಾಸಾದರೆ ಮುಗಿಯಿತು. ಹಳ್ಳದ ಹತ್ತಿರ ಹೊಸ ಸಿಮೆಂಟಿನ ಕಮಾನು ಎದ್ದಿದೆ. ಅದರ ಮೇಲೆ ಅದೇ ಹೆಸರು, ದೊಡ್ಡ ಅಕ್ಷರದಲ್ಲಿ ಬರುತ್ತದೆ.

"ಬರಲೇಳು ಸುಮನ್," ಅಂದೆ. "ಈಗಿನ ಹುಡುಗರಿಗಿ ಅದು ಹಬ್ಬದ ಹೆಸರೇ ಆಗ್ಯಾದ. ಹಳೇ ಅರ್ಥ ಸತ್ತು ಹೋಗ್ಯಾದ."

"ಇಲ್ಲಿ ಸತ್ತದ. ಗುಲಬರ್ಗಾದಾಗ ಜೀವಂತ ಅದ."

ಆಮೇಲೆ ಹೇಳಿದಳು. ಆಕೆಯ ಮಗಳು ಸುಜಾತಾ ನರ್ಸ್ ಕೆಲಸ ಕಲಿತು ಕಲಬುರಗಿಯ ಒಂದು ಖಾಸಗಿ ದವಾಖಾನೆಗೆ ಸೇರಿದ್ದಳು. ಬಾಡಿಗೆ ಖೋಲಿ ಸಿಕ್ಕಿತ್ತು. ಮನೆಯ ಮಾಲಕಿ ಬಹಳ ಪ್ರೀತಿಯ ಹೆಂಗಸು, ಮೊದಲ ದಿನ ಬಿಸಿ ರೊಟ್ಟಿ ಕೊಟ್ಟಿದ್ದಳು. ಆಧಾರ ಕಾರ್ಡಿನ ನಕಲು ಇಸಕೊಂಡು ವಿಳಾಸ ಓದಿದಳು. ಇಂಗ್ಲಿಷ್ ಅಕ್ಷರದ ಹೆಸರು ಕನ್ನಡದ ಬಾಯಿಗೆ ಬಿದ್ದ ಕೂಡಲೇ ತನ್ನ ಹಳೆಯ ರೂಪಕ್ಕೆ ತಿರುಗಿತು. ಸಂಜೆಗೆ ಬೀಗದ ಕೈ ವಾಪಸ್ ಕೇಳಿದಳು. ಯಾರೋ ಬೀಗರು ಬರುವವರಿದ್ದಾರಂತೆ.

"ನನ್ನ ಮಗಳು ಮರಾಠಿ ಶಾಲ್ಯಾಗ ಕಲತಾಕಿ. ಆಕೀಗಿ ಏನೂ ತಿಳೀಲಿಲ್ಲ," ಅಂದಳು ಸುಮನ್‌ಬಾಯಿ. "ಬಸ್ ಸ್ಟ್ಯಾಂಡಿನಾಗ ಚೀಲ ಹಿಡಕೊಂಡು ನಿಂತು ಫೋನ್ ಮಾಡಿದ್ಳು. 'ಆಯೀ, ಹೋಳಗಿರಿ ಮ್ಹಣಜೆ ಕಾಯ್?' ಅಂತ ಕೇಳಿದ್ಳು. ಹೋಳಗಿರಿ ಅಂದ್ರ ಏನವ್ವ ಅಂತ. ನಾ ಆಕೀಗಿ ಇಪ್ಪತ್ತಮೂರು ವರ್ಷ ಹೇಳಿರಲಿಲ್ಲಣ್ಣಾ. ಫೋನಿನಾಗ ಹ್ಯಾಂಗ ಹೇಳಲಿ?"

ಗಿರಣಿಯ ಸದ್ದು ಒಂದೇ ಸಮನೆ ಬರುತ್ತಿತ್ತು. ತೊಗರಿಯ ಧೂಳು ಆಕೆಯ ಸೆರಗಿನ ಮೇಲೆ ಕೂತಿತ್ತು.

"ಸಭಾದಾಗ ನೀನೇ ಹೇಳಬಹುದಲ್ಲ. ಮೆಂಬರ್ ಇದ್ದೀ."

"ಹೇಳಿ ಆಗ್ಯಾದ. ಗ್ರಾಮಸೇವಕ ಏನಂದ ಗೊತ್ತದ? 'ಬಾಯಿ, ನೀವು ತಪ್ಪು ತಿಳಕೊಂಡೀರಿ, ಕನ್ನಡದ ಹಿರಿಯರಿಗಿ ಕೇಳೀನಿ, ಅವರು ಹಬ್ಬ ಅಂತಾರ' ಅಂದ. ನಿಮ್ಮ ಗುರುಪಾದ ಕಾಕಾಗ ಕೇಳ್ಯಾನ. ನಮಗ ಬೈಯೋ ಶಬ್ದದ ಅರ್ಥ ನಮಗ ಗೊತ್ತಿಲ್ಲಂತ, ಬೈಯೋರಿಗಿ ಕೇಳಬೇಕಂತ." ಆಕೆ ಎದ್ದಳು. "ನೀವು ಬರ್ರಿ ಅಂತ ನಾ ಕೈ ಮುಗಿಯಂಗಿಲ್ಲ. ಬೋರ್ಡಿಗಿ ಜಗಳಾಡೋರು ನೀವು ಅಂತ ಕೇಳೀನಿ. ಈ ಬೋರ್ಡಿಗೂ ಆಡ್ರಿ."

ಗುರುಪಾದ ಕಾಕಾ ನನ್ನ ತಂದೆಯ ಖಾಸಾ ತಮ್ಮ. ಅಪ್ಪ ಹೋದ ಮೇಲೆ ನಮ್ಮ ಓಣಿಗೆ ಅವನೇ ದೊಡ್ಡವನು. ಸಣ್ಣವನಿದ್ದಾಗ ನನಗೆ ಜ್ವರ ಬಂದು ಅವನ ಹೆಗಲ ಮೇಲೆ ನಿಲಂಗಾದ ದವಾಖಾನೆಗೆ ಹೋಗಿದ್ದೆ. ಅವನ ಕಿವಿಯ ಹತ್ತಿರ ವಿಭೂತಿಯ ವಾಸನೆ ಬರುತ್ತಿತ್ತು. ದಿನಾ ಮುಂಜಾನೆ ಪೂಜೆಯಲ್ಲಿ ಎಲ್ಲರೂ ಒಂದೇ ಎಂಬ ಶರಣರ ಮಾತನ್ನು ಅವನು ಗಟ್ಟಿ ದನಿಯಲ್ಲಿ ಓದುತ್ತಾನೆ, ನಾವೆಲ್ಲ ಹಾಗೆಯೇ ಓದುತ್ತೇವೆ. ಸಭೆಯ ಹಿಂದಿನ ದಿನ ಅವನ ಮನೆಗೆ ಹೋದೆ. ಅವನು ಅಡಿಕೆ ಕತ್ತರಿಸುತ್ತ ಕೂತಿದ್ದ.

"ಕಾಕಾ, ಅದು ಹಬ್ಬದ ಹೆಸರಲ್ಲ. ನಿನಗ ಗೊತ್ತದ."

"ಗೊತ್ತದ. ಏನೀಗ?"

"ಗೊತ್ತದ ಅಂತ ಹೇಳಿಬಿಡು."

"ಹುಚ್ಚ. ಮರಾಠಿಯವ ತಪ್ಪ ಬರದು ಒಂದು ಚಂದ ಮಾಡ್ಯಾನ. ಅದನ್ನ ಕೆದರಿ ವಾಸನಿ ಯಾಕ ತಗೀತಿ? ಅರ್ಥ ಹೇಳಿದ್ರ ಮುಂದಿನ ಮಾತು ಏನು ಕೇಳ್ತಾರ? ಹಂಗ ಅನ್ನೋರು ಯಾರು ಅಂತ ಕೇಳ್ತಾರ. ಆಗ ಯಾರ ಹೆಸರ ಹೇಳ್ತಿ? ನಿಮ್ಮಪ್ಪನ ಹೆಸರು? ನಂದು?"

ನಾನು ಎದ್ದು ಬಂದೆ. ಅವನು ಕೇಳಿದ್ದು ಖರೆ ಪ್ರಶ್ನೆ.

ಗ್ರಾಮಸಭೆ ಶಾಲೆಯ ಅಂಗಳದಲ್ಲಿ, ನಾನು ಏಳನೆಯದು ಮುಗಿಸಿದ ಅದೇ ಶಾಲೆ. ಈಗ ಅಲ್ಲಿ ಕನ್ನಡ ಇಲ್ಲ, ಗೋಡೆಯ ಮೇಲೆ ಮರಾಠಿ ಬಾರಾಖಡಿ, ಅಂದರೆ ಅವರ ಕಾಗುಣಿತ, ಇದೆ. ಮೇಲಿನ ಓಣಿಯವರು ಬೇವಿನ ನೆರಳಿಗೆ, ಹಳ್ಳದಾಚೆಯವರು ಗೇಟಿನ ಕಡೆಗೆ ಕೂತಿದ್ದರು. ಯಾರೂ ಹೇಳಿ ಕೂಡಿಸಿದ್ದಲ್ಲ. ಗ್ರಾಮಸೇವಕ ಆದೇಶ ಓದಿ, ನಮ್ಮ ಗ್ರಾಮದಲ್ಲಿ ಜಾತಿವಾಚಕ ಹೆಸರು ಇರುವುದಿಲ್ಲ, ಎಲ್ಲರೂ ಮಂಜೂರು ಮಾಡಬೇಕು ಅಂದ. ಸುಮನ್‌ಬಾಯಿ ಎದ್ದು ನಿಂತಳು.

"ಮಂಜೂರ್ ಇಲ್ಲ."

ಕಾಕಾ ಕೂತಲ್ಲಿಂದಲೇ ನಗುತ್ತ, "ಸಾಹೇಬ್, ಅದು ಹೋಳಿ ಹಬ್ಬ. ಹಿಂದ ಅಲ್ಲಿ ಕಾಮಣ್ಣನ ಸುಡ್ತಿದ್ರು" ಅಂದ. ನಮ್ಮ ಕಡೆಯವರು ತಲೆ ಅಲ್ಲಾಡಿಸಿದರು. ಗ್ರಾಮಸೇವಕ ಕನ್ನಡ ಬಲ್ಲ ಬೇರೆ ಯಾರಾದರೂ ಹೇಳುವವರಿದ್ದಾರೆಯೇ ಎಂದು ಮರಾಠಿಯಲ್ಲಿ ಕೇಳಿದ. ಸುಮನ್‌ಬಾಯಿ ನನ್ನ ಕಡೆ ನೋಡಲಿಲ್ಲ. ಗೋಡೆಯ ಬಾರಾಖಡಿಯನ್ನು ನೋಡುತ್ತ ನಿಂತಳು.

ನಾನು ಎದ್ದೆ. ಎದ್ದ ಮೇಲೆ ತಿಳಿಯಿತು, ಆ ಶಬ್ದವನ್ನು ಆ ಓಣಿಯವರ ಎದುರು ನಾನು ಎಂದೂ ಅಂದಿಲ್ಲ. ಬೆನ್ನ ಹಿಂದೆ ಅನ್ನಲಿಕ್ಕೆ ಮಾತ್ರ ಅದು ನಾಲಿಗೆಗೆ ರೂಢಿ.

"ಸಾಹೇಬ್, ಅದು ಹೋಳಗಿರಿ ಅಲ್ಲ. ಹೊಲಗೇರಿ," ಅಂದೆ. ಆಮೇಲೆ ಮರಾಠಿಯಲ್ಲಿ ಅರ್ಥ ಹೇಳಿದೆ. ಯಾವ ಜಾತಿ, ಕೇರಿ ಎಂದರೆ ಏನು, ಎರಡೂ ಕೂಡಿದರೆ ಅದು ಯಾವ ದನಿಯಲ್ಲಿ ಬರುತ್ತದೆ, ಎಲ್ಲ.

ಗ್ರಾಮಸೇವಕ ಬರೆಯುವುದನ್ನು ನಿಲ್ಲಿಸಿದ. ಕಾಕಾ ಹೇಳಿದ ಹಾಗೆಯೇ ಆಯಿತು. "ಇದು ಹಿಂದಿನದಾಯಿತು ಶೇಠ್. ಈಗ ಹಾಗೆ ಯಾರು ಅನ್ನುತ್ತಾರೆ?" ಎಂದು ಕೇಳಿದ.

"ನಾವು. ಬ್ಯಾರೆ ಯಾರೂ ಅಲ್ಲ," ಅಂದೆ. "ಇವತ್ತ ಮುಂಜಾನಿ ನಮ್ಮ ಮನೀ ಅಂಗಳದಾಗ ಅಂದದ್ದು ನನ್ನ ಕಿವಿಲೆ ಕೇಳೀನಿ. ದಾರಿ ತೋರ್ಸಲಿಕ್ಕ ಅಂತೀವಿ, ಕೂಲಿಯೋರಿಗಿ ಹೇಳಿ ಕಳಸಲಿಕ್ಕ ಅಂತೀವಿ, ಸಿಟ್ಟು ಬಂದ್ರ ನಮ್ಮ ಮಕ್ಕಳಿಗೂ ಅಂತೀವಿ. ಹಬ್ಬ ಅಂತ ಒಬ್ಬರೂ ಅಂದದ್ದು ಕೇಳಿಲ್ಲ."

ಬೇವಿನ ನೆರಳಲ್ಲಿ ಗುಸುಗುಸು ಎದ್ದಿತು. ನಾನು ಗೇಟಿನ ಕಡೆ ನೋಡಿದೆ. ಅಲ್ಲಿ ಏನೋ ಸಮಾಧಾನ ಕಾಣುತ್ತದೆ ಅಂದುಕೊಂಡಿದ್ದೆ. ಕಾಣಲಿಲ್ಲ. ಮುದುಕರು ನೆಲ ನೋಡುತ್ತಿದ್ದರು. ಒಬ್ಬ ತರುಣ ಎದ್ದ. ರಾಹುಲ ಅಂತ, ಟ್ರ್ಯಾಕ್ಟರ್ ಓಡಿಸುತ್ತಾನೆ. ಮೈಮೇಲೆ ಹಳದಿ ಟೀ ಶರ್ಟು, ಎದೆಯ ಮೇಲೆ ಹುಲಿಯ ಚಿತ್ರ, ಕೆಳಗೆ 'ಹೋಳಗಿರಿ ಟೈಗರ್ಸ್' ಎಂದು ಅಚ್ಚು. ಅವರ ಓಣಿಯ ಕ್ರಿಕೆಟ್ ತಂಡದ್ದು.

"ಕಾಕಾ," ಅಂದ ನನಗೆ. "ಮಾಕಣಿಗಿ ಮ್ಯಾಚಿಗಿ ಹೋದಾಗ ಮೈಕಿನಾಗ ನಮ್ಮ ಹೆಸರ ಕರದ್ರ ನಿಮ್ಮ ಓಣಿ ಹುಡುಗರು ಬಿದ್ದು ಬಿದ್ದು ನಗ್ತಿದ್ರು. ನಾವು ಬ್ಯಾಟಿಂಗಿಗಿ ನಗ್ತಾರ ಅಂತ ತಿಳಕೊಂಡಿದ್ದಿವಿ. ಮುಂಜಾನಿ ಎದ್ದು ಪ್ರ್ಯಾಕ್ಟೀಸ್ ಮಾಡ್ತಿದ್ದಿವಿ, ಇವರು ನಗಬಾರದು ಅಂತ."

ಕೈ ಎದೆಯ ಮೇಲೆ ಅಡ್ಡ ಇಟ್ಟುಕೊಂಡು ಕೂತ. ಆ ಅಕ್ಷರಗಳು ಕೈಯ ಕೆಳಗೆ ಹೋದವು. ಅವನಿಗೆ ಆ ಗಳಿಗೆಯವರೆಗೆ ಅದು ಹುಲಿಯ ಹೆಸರಾಗಿತ್ತು. ಅರ್ಥ ಕೊಟ್ಟವನು ನಾನು. ಇದನ್ನು ಏನೆಂದು ಎಣಿಸಬೇಕೋ ನನಗೆ ಇವತ್ತಿಗೂ ಗೊತ್ತಾಗಿಲ್ಲ. ನಿಮಗೆ ಗೊತ್ತಿದ್ದರೆ ಹೇಳಿ.

ಹೆಸರು ಬದಲಿಸಬೇಕೆಂದು ಬರೆದಾಯಿತು. ಮೇಲಿನ ಓಣಿಯ ಅರ್ಧ ಜನ ಎದ್ದು ಹೋಗಿದ್ದರು. ಹೊಸ ಹೆಸರು ಏನು ಎಂದು ಗ್ರಾಮಸೇವಕ ಕೇಳಿದ. ಪುಣೆಯಲ್ಲಿ ದುಡಿದು ಬಂದವನೊಬ್ಬ 'ನವೀ ಆಳಿ' ಇಡೋಣ ಅಂದ. ಅಲ್ಲಿ ಆಳಿ ಎಂದರೆ ಗಲ್ಲಿ, ಹೊಸ ಗಲ್ಲಿ.

"ಬ್ಯಾಡ," ಅಂದಳು ಸುಮನ್‌ಬಾಯಿ. "ಗಡಿ ದಾಟಿ ಬೀದರಿಗಿ ಹೋದ್ರ ಆಳು ಅಂತ ಕೇಳ್ಸತದ. ಮತ್ತ ಆಳೇ ಆಗಬೇಕೇನು?"

ಅಲ್ಲಿ ಮೊದಲ ಸಲ ನಗೆ ಎದ್ದಿತು. ಆಮೇಲೆ ಬಂದ ಒಂದೊಂದು ಹೆಸರನ್ನೂ ಅವರು ಎರಡೂ ಭಾಷೆಯಲ್ಲಿ ಅಂದು ನೋಡಿದರು, ಹೊಸ ಗಡಿಗೆಯನ್ನು ಬಡಿದು ನೋಡುವ ಹಾಗೆ. ಗಡಿಯ ಆಚೆ ಬೇರೆ ಅರ್ಥ ಬರುವುದು ಬೇಡ. 'ಸಮತಾ ನಗರ' ಎಂದು ಯಾರೋ ಅಂದರು. ಮರಾಠಿಯಲ್ಲೂ ಸಮತಾ, ಕನ್ನಡದಲ್ಲೂ ಸಮತಾ. ಸುಮನ್‌ಬಾಯಿ ಒಂದು ಸಲ ಬಾಯಲ್ಲಿ ಅಂದುಕೊಂಡಳು. "ಇದನ್ನ ಸುಜಾತಾ ಫೋನಿನಾಗ ಕೇಳಿದ್ರ ಹೇಳಬಹುದು. ಬರೀರಿ" ಅಂದಳು.

ಹೊರಗೆ ಬರುವಾಗ ಕಾಕಾ ಗೇಟಿನ ಹತ್ತಿರ ಚಪ್ಪಲಿ ಹುಡುಕುತ್ತ ನಿಂತಿದ್ದ. ನಾನು ಬಗ್ಗಿ ಚಪ್ಪಲಿ ಸರಿಸಿ ಕೊಟ್ಟೆ. ಅವನು ಹಾಕಿಕೊಳ್ಳಲಿಲ್ಲ.

"ಕನ್ನಡ ಕನ್ನಡ ಅಂತ ಕುಣೀತಿದ್ದಿ," ಅಂದ. "ಇವತ್ತ ಮರಾಠಿಯವನ ಮುಂದ ಕನ್ನಡದ ಮಾನ ಕಳದಿ."

"ಕಾಕಾ, ಹೆಗಲ ಮ್ಯಾಲ ಹೊತ್ತಾಂವ ನೀನು. ಆದ್ರ—"

"ಇಳಸೀನಿ ಇವತ್ತ," ಅಂದ. ಬರಿಗಾಲಲ್ಲಿ ನಡೆದ.

ಕಮಾನಿನ ಮೇಲೆ ಹೊಸ ಹೆಸರು ಬಂದು ವರ್ಷವಾಯಿತು. ಮೊನ್ನೆ ಸುಮನ್‌ಬಾಯಿ ತೊಗರಿ ತಂದಿದ್ದಳು. ನಾನು ಸುಜಾತಾ ಹೇಗಿದ್ದಾಳೆ ಎಂದು ಕೇಳಿದೆ. ಕಾರ್ಡಿನ ಮೇಲಿನ ವಿಳಾಸ ಬದಲಾಗಿದೆಯಂತೆ, ಬೇರೆ ಖೋಲಿ ಹಿಡಿದಿದ್ದಾಳಂತೆ, ದವಾಖಾನೆಗೆ ಹತ್ತಿರ. ಹಳೆಯ ಮಾಲಕಿ ಒಮ್ಮೆ ಜ್ವರವೆಂದು ಅದೇ ದವಾಖಾನೆಗೆ ಬಂದು, ಸೂಜಿ ಹಾಕಿದವಳ ಮುಖ ನೋಡಿ ಕಣ್ಣು ಮುಚ್ಚಿಕೊಂಡಳಂತೆ.

"ನಿನಗ ಆಭಾರ ಹೇಳಲಿಕ್ಕ ಬಂದಿಲ್ಲ ನಾ," ಅಂದಳು ಸುಮನ್‌ಬಾಯಿ, ನಾನು ಕೇಳದಿದ್ದರೂ. ಮೊದಲ ಸಲ ನೀನು ಅಂದದ್ದು. "ಆಭಾರ ಹೇಳಬೇಕಂದ್ರ ನೀ ಏನರೆ ಕೊಟ್ಟಿರಬೇಕು. ನಿಮ್ಮ ಬಾಯಾಗಿನದು ನಿಮ್ಮ ಬಾಯಿಲೇ ಉಗುಳಿಸೀನಿ, ಅಷ್ಟೇ."

"ಹೌದು," ಅಂದೆ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಉಮರ್ಗಾದಲ್ಲಿ ಒಂದು ಬೇಳೆ ಗಿರಣಿ. ಊರಲ್ಲಿ ಆರು ಎಕರೆ ಕರಿಭೂಮಿ, ಒಂದು ಬಾವಿ. ಹೆಂಡತಿ, ಒಬ್ಬ ಮಗ, ಒಬ್ಬಳು ಮಗಳು, ಮೂವರು ಮೊಮ್ಮಕ್ಕಳು. ಎರಡು ಭಾಷೆ. ಮೇಲಿನ ಓಣಿಯಲ್ಲಿ ನಮ್ಮದು ಬಿಟ್ಟು ಹದಿನಾಲ್ಕು ಮನೆ. ಈ ಶ್ರಾವಣದಲ್ಲಿ ನಮ್ಮನ್ನು ಊಟಕ್ಕೆ ಕರೆದವು ಐದು. ಗುರುಪಾದ ಕಾಕಾನ ಮನೆ ಆ ಐದರಲ್ಲಿ ಇಲ್ಲ.